ಜೊಂಬಿ ಜಿರಳೆಗೂ ಆರೇ ಕಾಲು

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ನಾನಿರುವುದು ಶಿವಮೊಗ್ಗದಲ್ಲಿ, ಕಥೆ ಬರೆದುಕೊಡುವ ಮೇಷ್ಟ್ರು ಸಾಗರದವರು. ವಿಚಿತ್ರ ಪ್ರಾಣಿಗಳು, ಜೊಂಬಿಗಳು, ಒಂದಿಷ್ಟು ಸಾಹಸ ಇರುವ ನಗೆಪುಸ್ತಕಗಳನ್ನು ಇಬ್ಬರೂ ಸೇರಿ ಮಾಡುತ್ತಿದ್ದೇವೆ. ಈ ಕೆಲಸದಲ್ಲಿ ನನಗೆ ಮನದಟ್ಟಾದದ್ದು ಒಂದು: ಪ್ರಾಣಿಯನ್ನು ಇದ್ದದ್ದು ಇದ್ದ ಹಾಗೆ ಬರೆದಷ್ಟೂ ಮಕ್ಕಳು ಹೆಚ್ಚು ನಗುತ್ತಾರೆ.

ಜೊಂಬಿ ಅಂದ ಕೂಡಲೇ ಈಗಿನ ಮಕ್ಕಳಿಗೆ ನೆನಪಾಗುವುದು ಮೊಬೈಲ್ ಗೇಮಿನ ಜೊಂಬಿ. ರಕ್ತ, ಕೊಳೆತ ಮೈ, ಮಿದುಳು ತಿನ್ನಲು ಬರುವ ಗುಂಪು. ಅದೆಲ್ಲ ಸಿನಿಮಾಗಳಿಂದ ಬಂದದ್ದು. ಹೈಟಿ ದೇಶದ ಜನಪದ ನಂಬಿಕೆಯಲ್ಲಿ ಜೊಂಬಿ ಎಂದರೆ ಮಾಟಗಾರ ಎಬ್ಬಿಸಿದ ಹೆಣ. ತನ್ನದೆಂಬ ಇಚ್ಛೆ ಇಲ್ಲದೆ, ಅವನು ಹೇಳಿದ ಕೆಲಸ ಮಾಡಿಕೊಂಡಿರುವ ಆಳು. ನಮ್ಮ ಬೇತಾಳ ಇದಕ್ಕೆ ತದ್ವಿರುದ್ಧ, ಹೆಣದೊಳಗೆ ಕೂತೇ ರಾಜನಿಗೆ ಸವಾಲು ಹಾಕುವಷ್ಟು ಚುರುಕು. ನನಗೆ ಬೇಕಾದದ್ದು ಹೈಟಿಯ ಜೊಂಬಿ. ಕಾಲು ಒಬ್ಬರದು, ಹೋಗಬೇಕಾದ ದಾರಿ ಇನ್ನೊಬ್ಬರದು ಎಂದಾದರೆ ಸಾಕು, ನಗುವುದಕ್ಕೆ ರಕ್ತ ಬೇಕಿಲ್ಲ.

ಅಂಥ ಜೊಂಬಿ ನಮ್ಮ ದೇಶದಲ್ಲೇ ಇದೆ. ಪಚ್ಚೆ ಹಸಿರಿನ ಹೊಳೆಯುವ ಕಣಜವೊಂದಿದೆ, ತೊಡೆಗಳು ಮಾತ್ರ ಕೆಂಪು. ವಿಜ್ಞಾನಿಗಳ ಹೆಸರಿನಲ್ಲಿ ಆಂಪುಲೆಕ್ಸ್ ಕಂಪ್ರೆಸ್ಸಾ. ತನಗಿಂತ ಎಷ್ಟೋ ದೊಡ್ಡದಾದ ಜಿರಳೆಗೆ ಅದು ಮೊದಲು ಎದೆಯ ಭಾಗದಲ್ಲಿ ಚುಚ್ಚುತ್ತದೆ. ಮುಂಗಾಲುಗಳು ಸ್ವಲ್ಪ ಹೊತ್ತು ಸೋಲುತ್ತವೆ. ಎರಡನೆಯ ಚುಚ್ಚು ನೇರ ತಲೆಯೊಳಕ್ಕೆ. ಆಮೇಲೆ ಜಿರಳೆ ಏನು ಮಾಡುತ್ತದೆ ಗೊತ್ತೇ? ಓಡುವುದಿಲ್ಲ, ನಿಂತಲ್ಲೇ ಮೈ ಉಜ್ಜಿ ಸ್ವಚ್ಛ ಮಾಡಿಕೊಳ್ಳುತ್ತದೆ! ನಡೆಯಲು ಕಾಲಿದ್ದರೂ ತಾನಾಗಿ ಹೊರಡುವ ಮನಸ್ಸಿಲ್ಲ. ಕಣಜ ಅದರ ಮೀಸೆಯನ್ನು ಅರ್ಧಕ್ಕೆ ಕತ್ತರಿಸಿ, ಉಳಿದ ತುಂಡನ್ನು ಹಿಡಿದು, ಮೂಗುದಾರ ಹಾಕಿದ ಎತ್ತನ್ನು ಕೊಟ್ಟಿಗೆಗೆ ಎಳೆದಂತೆ ಬಿಲಕ್ಕೆ ನಡೆಸಿಕೊಂಡು ಹೋಗುತ್ತದೆ. ಕಾಲಿನ ಮೇಲೆ ಒಂದು ಮೊಟ್ಟೆ ಇಟ್ಟು, ಬಿಲದ ಬಾಯಿಗೆ ಸಣ್ಣ ಕಲ್ಲುಗಳನ್ನು ಒಟ್ಟಿ ಹೊರಟುಹೋಗುತ್ತದೆ.

ಇದನ್ನು ನಾನು ಕಾರ್ಟೂನ್ ಜಿರಳೆಯಾಗಿ ಬರೆಯಲಿಲ್ಲ. ಮನುಷ್ಯರ ಕಣ್ಣಿಲ್ಲ, ಹಲ್ಲು ಕಿಸಿದ ಬಾಯಿಲ್ಲ. ಆರು ಕಾಲೂ ಎದೆಯಿಂದಲೇ ಹೊರಡಬೇಕು. ಬಚ್ಚಲುಮನೆಯಲ್ಲಿ ದಿನಾ ಜಿರಳೆ ನೋಡುವ ಮಕ್ಕಳು ಕಾಲು ಎಣಿಸುತ್ತಾರೆ, ನಂಬಿ. ಶಾಲೆಗಳಲ್ಲಿ ಓದಿ ಹೇಳುವಾಗ ಜಿರಳೆ ಮೈ ಉಜ್ಜಿಕೊಳ್ಳುವ ಪುಟದಲ್ಲೇ ನಗು ಜೋರು. ಅದು ನಿಜ ಎಂದು ಹೇಳಿದರೆ ಇನ್ನೊಮ್ಮೆ ನಗುತ್ತಾರೆ, ಆಮೇಲೆ ಪ್ರಶ್ನೆ ಶುರು. "ಮಿಸ್, ಅದಕ್ಕೆ ಗೊತ್ತಾಗಲ್ವಾ?" ಮೊಟ್ಟೆಯಿಂದ ಬಂದ ಹುಳು ಆ ಜಿರಳೆಯನ್ನೇ ತಿಂದು ಬೆಳೆಯುತ್ತದೆ ಎಂಬುದನ್ನೂ ನಾವು ಮುಚ್ಚಿಡಲಿಲ್ಲ. ಮಕ್ಕಳು ಅದನ್ನು ದೊಡ್ಡವರಿಗಿಂತ ಸಲೀಸಾಗಿ ತೆಗೆದುಕೊಳ್ಳುತ್ತಾರೆ.

ಕುಂಬಾರ ಕಪ್ಪೆಯದೂ ಇದೇ ಕಥೆ. ಉತ್ತರ ಕನ್ನಡದ ಕತ್ತಲೆಕಾನಿನ ಈ ಕಪ್ಪೆಗೆ ವಿಜ್ಞಾನದ ಹೆಸರು ಸಿಕ್ಕಿದ್ದು 2014ರಲ್ಲಿ. ಗಂಡು ಕಪ್ಪೆ ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮೇಷ್ಟ್ರ ಕರಡಿನಲ್ಲಿ ಅದು ಪೇಟ ಸುತ್ತಿಕೊಂಡು ತಿಗುರಿ ತಿರುಗಿಸುತ್ತಿತ್ತು. "ತಿಗುರಿ ಬೇಡ ಮೇಷ್ಟ್ರೇ, ಕೈ ಒಂದೇ ಸಾಕು" ಅಂದೆ. "ಸರಿ, ಪೇಟಾನೂ ತೆಗೀರಿ ಹಂಗಾದ್ರೆ" ಅಂದರು. ಬರಿಗೈಯಲ್ಲಿ ಕೆಸರು ಮೆತ್ತುವ ಅಪ್ಪನ ಆ ಗಂಭೀರ ಭಂಗಿಗೆ ಯಾವ ಪೇಟವೂ ಸಮ ಅಲ್ಲ.

ಪುಟ ಹಂಚುವುದರಲ್ಲೂ ಹುಷಾರು ಬೇಕು. ಹದಿನಾರು ಪುಟದ ಎರಡು ಫಾರಂ ಸೇರಿ 32 ಪುಟ, ಇಷ್ಟರಲ್ಲೇ ಎಲ್ಲ. ಕುತೂಹಲ ಬಲಪುಟದಲ್ಲಿರಬೇಕು, ಉತ್ತರ ಪುಟ ತಿರುವಿದ ಮೇಲೆಯೇ ಸಿಗಬೇಕು. ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಕೂಡದು. ಒತ್ತಕ್ಷರಗಳಿಗೆ ಸಾಲುಗಳ ನಡುವೆ ಜಾಗ ಬಿಟ್ಟರೆ ಪುಟದಲ್ಲಿ ಹೆಚ್ಚು ಮಾತಿಗೆ ಎಡೆಯೂ ಇರುವುದಿಲ್ಲ, ಅದು ಒಳ್ಳೆಯದೇ.

ನಾನು ಒಪ್ಪದ ಜೊಂಬಿಯೂ ಒಂದಿದೆ. ಸತ್ತ ಮಂಗಗಳು ಎದ್ದು ಊರಿಗೆ ನುಗ್ಗುವ ಕಥೆ ಚಿತ್ರಕ್ಕೆಂದು ಬಂದಿತ್ತು. ಬೇರೆ ಜಿಲ್ಲೆಯಲ್ಲಿ ನಡೆದೀತು, ಇಲ್ಲಿ ಬೇಡ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು ಎಂದು ಕೇಳಿಕೊಂಡೇ ಬೆಳೆಯುವ ಮಕ್ಕಳಿಗೆ, ಕಾಯಿಲೆಯಿಂದ ಮನೆಯವರನ್ನು ಕಳೆದುಕೊಂಡ ಮಕ್ಕಳಿಗೂ, ಆ ಚಿತ್ರ ಕೊಟ್ಟು ನಗಿ ಎನ್ನಲಾರೆ.

ಮುಂದಿನ ಪುಸ್ತಕ ಜೊಂಬಿ ಇರುವೆಯದು. ಓಫಿಯೋಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಗೊದ್ದದಂಥ ಇರುವೆಯ ಮೈಯೊಳಗೆ ಹಬ್ಬಿ, ಅದನ್ನು ಗಿಡ ಹತ್ತಿಸಿ, ಎಲೆಯಡಿಯ ನರವನ್ನು ಕಚ್ಚಿ ಹಿಡಿಯುವಂತೆ ಮಾಡುತ್ತದೆ. ಇರುವೆ ಅಲ್ಲೇ ಸಾಯುತ್ತದೆ, ಶಿಲೀಂಧ್ರದ ಕಡ್ಡಿ ತಲೆಯ ಹಿಂದಿನಿಂದ ಮೇಲೇಳುತ್ತದೆ. ಅದು ಸ್ನಾಯುಗಳನ್ನೆಲ್ಲ ಸುತ್ತುವರಿದರೂ ಮಿದುಳಿಗೆ ನುಗ್ಗುವುದಿಲ್ಲ ಎಂದು 2017ರ ಸಂಶೋಧನೆಯೊಂದು ತೋರಿಸಿತು. ಮಿದುಳನ್ನು ಮುಟ್ಟದ ಜೊಂಬಿ ಕಥೆ! ಥಾಯ್ಲೆಂಡಿನ ಕಾಡಿನಲ್ಲಿ ಅಳೆದಾಗ ಇರುವೆಗಳು ಕಚ್ಚಿ ನಿಂತದ್ದು ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದಲ್ಲಿ. ಎ4 ಅಳತೆಯ ಪುಸ್ತಕವನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಆ ಎತ್ತರ ಪುಟದೊಳಗೇ ಬರುತ್ತದೆ. ಹಾಗಾಗಿ ಅಳತೆ ಎ4 ಎಂದು ನಿಗದಿ ಮಾಡಿದ್ದೇವೆ. ಕೊನೆಯ ಪುಟದ ಇರುವೆ ಕೆಳಅಂಚಿನಿಂದ ಸರಿಯಾಗಿ 25 ಸೆಂಟಿಮೀಟರ್ ಮೇಲೆ ಬರಲಿದೆ, ನಿಜವಾದ ಗಾತ್ರದಲ್ಲಿ.