ಫಿಲಿಪೀನ್ಸ್‌ಗೆ ಹೋದ್ರೆ ಕಿಯಾಂಗಾನ್‌ನಲ್ಲಿ ಎರಡು ರಾತ್ರಿ ಉಳ್ಕೊಳ್ಳಿ

ಫಿಲಿಪೀನ್ಸ್‌ಗೆ ಹೋಗಿ ಬಂದ್ವಿ ಅಂದ ಕೂಡ್ಲೇ ಎಲ್ರೂ ಬೀಚ್ ಹೇಗಿತ್ತು ಅಂತ ಕೇಳ್ತಾರೆ. ನಾವು ಹೋಗಿದ್ದು ಸಮುದ್ರದ ಗಾಳಿನೂ ತಾಗದ ಊರಿಗೆ, ಲೂಜಾನ್ ದ್ವೀಪದ ಗುಡ್ಡಗಾಡಿನ ಇಫುಗಾವ್ ಪ್ರಾಂತ್ಯದ ಕಿಯಾಂಗಾನ್‌ಗೆ. ಇಫುಗಾವ್ ಅಂದ್ರೇನೇ ಗುಡ್ಡದವರು ಅಂತ. ಭತ್ತದ ಮೆಟ್ಟಿಲುಗದ್ದೆ ನೋಡೋಕೆ ಬರೋರೆಲ್ಲ ಸೀದಾ ಇದೇ ಪ್ರಾಂತ್ಯದ ಬನಾವೆ ಊರಿಗೆ ಹೋಗಿ, ವ್ಯೂ ಪಾಯಿಂಟಲ್ಲಿ ಫೋಟೋ ತಗೊಂಡು ವಾಪಸ್ ಹೊರಡ್ತಾರೆ, ಆದ್ರೆ ಆ ವ್ಯೂ ಪಾಯಿಂಟಿಂದ ಕಾಣೋ ಗದ್ದೆಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲೇ ಇಲ್ಲ. 1995ರಲ್ಲಿ ಪಟ್ಟಿಗೆ ಸೇರಿದ್ದು ಐದು ಕಡೆಯ ಗದ್ದೆಗಳು, ಅದರಲ್ಲೊಂದು ಕಿಯಾಂಗಾನ್‌ನ ನಾಗಕಾದನ್.

ವೀಸಾ ವಿಚಾರ ಮೊದ್ಲು ಹೇಳಿಬಿಡ್ತೀನಿ. 2025ರ ಜೂನ್‌ನಿಂದ ಭಾರತದ ಪಾಸ್‌ಪೋರ್ಟ್ ಇರೋರಿಗೆ ಪ್ರವಾಸಕ್ಕೆ 14 ದಿನ ವೀಸಾ ಬೇಡ, ರಿಟರ್ನ್ ಟಿಕೆಟು, ಉಳ್ಕೊಳ್ಳೋ ಜಾಗದ ಬುಕಿಂಗು ಕೈಯಲ್ಲಿರಲಿ, ಹೊರಡೋ ಮುಂಚೆ ನಿಯಮ ಇನ್ನೊಂದ್ಸಲ ನೋಡ್ಕೊಳ್ಳಿ. ಮನಿಲಾದಿಂದ ಬನಾವೆಗೆ ಹೋಗೋ ರಾತ್ರಿ ಬಸ್ ಹತ್ತಿ ದಾರಿಯಲ್ಲಿ ಸಿಗೋ ಲಗಾವೆ ಊರಲ್ಲಿ ಇಳೀಬೇಕು, ಹತ್ತಿರ ಹತ್ತಿರ ಒಂಬತ್ತು ಗಂಟೆ ಪ್ರಯಾಣ. ಬಸ್ಸಲ್ಲಿ ಏಸಿ ವಿಪರೀತ, ಶಾಲು ಸ್ವೆಟರು ಲಗೇಜಲ್ಲಿ ಹಾಕ್ಬೇಡಿ, ಕೈಯಲ್ಲೇ ಇಟ್ಕೊಳ್ಳಿ. ಲಗಾವೆಯಿಂದ ಜೀಪ್ನಿನೋ (ಜೀಪಿನ ಥರದ ಶೇರ್ ಗಾಡಿ) ಟ್ರೈಸಿಕಲ್ಲೋ (ಪಕ್ಕಕ್ಕೆ ಸೀಟು ಜೋಡಿಸಿದ ಬೈಕು) ಹಿಡಿದ್ರೆ ಕಿಯಾಂಗಾನ್‌ಗೆ ಅರ್ಧ ಗಂಟೆ ದಾರಿ. ದುಡ್ಡು ಮನಿಲಾದಲ್ಲೇ ತೆಗ್ದಿಟ್ಕೊಳ್ಳಿ, ಹಳ್ಳಿ ಕಡೆ ಎಲ್ಲ ನಗದೇ.

ನಾಗಕಾದನ್‌ನಲ್ಲಿ ನದಿಯ ಎರಡೂ ಮಗ್ಗುಲಿಗೆ ಗದ್ದೆಗಳು ಗುಡ್ಡ ಹತ್ತಿವೆ. ಮುನಿಸಿಪಲ್ ಟೂರಿಸಂ ಆಫೀಸಲ್ಲಿ ಹೆಸರು ಬರೆಸಿ ಸ್ಥಳೀಯ ಗೈಡ್‌ನ ಕರ್ಕೊಂಡು ಹೋಗಿ, ಗದ್ದೆ ಬದುವಿನ ಮೇಲೆ ಒಂದೇ ಹೆಜ್ಜೆ ಅಗಲದಲ್ಲಿ ನಡೀಬೇಕು, ಚಪ್ಪಲಿ ಆಗಲ್ಲ, ಹಿಡಿತ ಇರೋ ಶೂ ಬೇಕು. ನಾನು ಶಿರಸಿ ಕಡೆಯವನು, ನನಗೆ ಗದ್ದೆಗಿಂತ ಅದರ ಮೇಲಿರೋ ಕಾಡು ಹಿಡಿಸ್ತು. ಒಂದೊಂದು ಮನೆತನಕ್ಕೂ ಒಂದು ಕಾಡು ಇರುತ್ತೆ, ಅದಕ್ಕೆ ಮುಯೊಂಗ್ ಅಂತಾರೆ. ಸೌದೆ, ಮನೆಗೆ ಮರ ಎಲ್ಲ ಅಲ್ಲಿಂದ್ಲೇ, ಮಳೆ ನೀರು ಹಿಡಿದಿಟ್ಟು ಕೆಳಗಿನ ಗದ್ದೆಗೆ ಬಿಡೋದೂ ಅದೇ ಕಾಡು. ನಮ್ಮಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಇದ್ದ ಹಾಗೆ. ಬೆಟ್ಟ ಬೋಳಾದ್ರೆ ತೋಟದ ಗತಿ ಏನು ಅಂತ ಗೊತ್ತಿರೋರಿಗೆ ಮುಯೊಂಗ್ ಬಗ್ಗೆ ಜಾಸ್ತಿ ಹೇಳ್ಬೇಕಾಗಿಲ್ಲ. ಇಲ್ಲಿನ ಹಳೇ ಭತ್ತ ತಿನಾವೊನ್, ವರ್ಷಕ್ಕೆ ಒಂದೇ ಬೆಳೆ. ದುಡಿಯೋ ಹುಡುಗ್ರು ಪೇಟೆ ಸೇರಿ ಗದ್ದೆಯ ಗೋಡೆ ಕಟ್ಟೋರಿಲ್ದೆ 2001ರಲ್ಲಿ ಈ ಗದ್ದೆಗಳು ಯುನೆಸ್ಕೋದ ಅಪಾಯದಲ್ಲಿರೋ ತಾಣಗಳ ಪಟ್ಟಿಗೆ ಹೋಗಿದ್ವು, 2012ರಲ್ಲಿ ಹೊರಗೆ ಬಂದ್ವು.

ಈ ಗದ್ದೆಗಳಿಗೆ ಎರಡು ಸಾವಿರ ವರ್ಷ ಅಂತ ಎಲ್ಲ ಕಡೆ ಬರೆದಿರ್ತಾರೆ. ಆದ್ರೆ ಹಳೇ ಕಿಯಾಂಗಾನ್ ಊರಿದ್ದ ಜಾಗದಲ್ಲಿ ಪುರಾತತ್ವ ತಜ್ಞ ಸ್ಟೀಫನ್ ಅಕಬಾಡೊ ಅವರ ತಂಡ ಅಗೆದು ನೋಡಿದಾಗ ಸಿಕ್ಕಿದ್ದು ಬೇರೆ ಕಥೆ. ಮೊದ್ಲು ಇಲ್ಲಿ ಬೆಳೀತಿದ್ದಿದ್ದು ಕೆಸುವಿನ ಗೆಡ್ಡೆ, ನೀರು ಕಟ್ಟಿ ಭತ್ತ ಬೆಳೆಯೋದು ಜೋರಾಗಿದ್ದು ಸುಮಾರು 17ನೇ ಶತಮಾನದಲ್ಲಿ, ಅಂದ್ರೆ ಸ್ಪೇನಿನವರು ಕೆಳಗಿನ ಬಯಲಿಗೆ ಬಂದ್ಮೇಲೆ, ಅವರಿಂದ ತಪ್ಪಿಸ್ಕೊಂಡು ಜನ ಗುಡ್ಡ ಹತ್ತಿದ ಕಾಲದಲ್ಲಿ. ನನಗಂತೂ ಈ ಕಥೆನೇ ದೊಡ್ಡದು ಅನ್ಸುತ್ತೆ, ಅಷ್ಟು ಕಡಿಮೆ ಕಾಲದಲ್ಲಿ ಕೈಯಲ್ಲೇ ಇಡೀ ಗುಡ್ಡ ಕಡಿದು ಗದ್ದೆ ಮಾಡಿದಾರೆ ನೋಡಿ.

ಇನ್ನೊಂದು ದಿನ ಊರೊಳಗೇ ಇರಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಜನರಲ್ ಯಮಾಷಿಟಾ ಕೊನೆಗೆ ಈ ಗುಡ್ಡಗಳಲ್ಲೇ ಸಿಕ್ಕಿಹಾಕ್ಕೊಂಡು, 1945ರ ಸೆಪ್ಟೆಂಬರ್ 2ರಂದು ಕಿಯಾಂಗಾನ್‌ನ ಶಾಲೆ ಕಟ್ಟಡದಲ್ಲಿ ಶರಣಾದ, ಮರುದಿನ ಬಾಗಿಯೋ ನಗರದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಆಯ್ತು. ಯುದ್ಧ ಸ್ಮಾರಕವನ್ನ ಇಫುಗಾವ್ ಮನೆಯ ಚಾವಣಿ ಆಕಾರದಲ್ಲಿ ಕಟ್ಟಿದಾರೆ, ಹತ್ರದಲ್ಲೇ ಮ್ಯೂಸಿಯಂ, ಅಲ್ಲಿ ಕಣಜ ಕಾಯೋ ಮರದ ಬುಲುಲ್ ಮೂರ್ತಿಗಳನ್ನ ನೋಡಿ. ಹೊಸದಾಗಿ ಕೆತ್ತಿದ್ದು ಬೇಕಾದ್ರೆ ತಗೊಳ್ಳಿ, ಹಳೇದು ಅಂತ ಯಾರಾದ್ರೂ ಮಾರೋಕೆ ಬಂದ್ರೆ ದಯವಿಟ್ಟು ತಗೋಬೇಡಿ, ಅದು ಯಾರದೋ ಮನೆ ಕಣಜದ ದೇವರು.

ಸಸ್ಯಾಹಾರಿಗಳು ಮಾಂಸ ಬೇಡ ಅಂದ್ರೆ ಸಾಲಲ್ಲ, ಮೀನೂ ಬೇಡ ಅಂತ ಬಿಡಿಸಿ ಹೇಳ್ಬೇಕು. ಇಂಗ್ಲಿಷ್ ಹೆಚ್ಚಿನವ್ರಿಗೆ ಅರ್ಥ ಆಗುತ್ತೆ. ಹೋಮ್‌ಸ್ಟೇಗೆ ಹಿಂದಿನ ದಿನವೇ ಹೇಳಿದ್ರೆ ಅನ್ನ, ಸೀಮೆಬದನೆ, ಬೀನ್ಸ್ ಮಾಡಿಕೊಡ್ತಾರೆ, ಜೊತೆಗೆ ಚಟ್ನಿಪುಡಿ ಇದ್ರೆ ಊಟ ಆಯ್ತು. ಊಟ ಆದ್ಮೇಲೆ ಮನೆಯಜ್ಜಿ ಹಸಿ ಅಡಿಕೆ, ಎಲೆ, ಸುಣ್ಣ ತಂದಿಟ್ರು. ಇವರು ಅದಕ್ಕೆ ಮೊಮಾ ಅಂತಾರೆ. ನಮ್ಮನೆ ಕವಳದ ಬಟ್ಟಲೇ ಕಣ್ಮುಂದೆ ಬಂತು, ಅಮ್ಮ ಅಂತೂ ಅಜ್ಜಿ ಪಕ್ಕ ಕೂತು ಹಾಕ್ಕೊಂಡೇ ಎದ್ದಿದ್ದು, ಇಬ್ರಿಗೂ ಮಾತೇ ಬೇಕಾಗ್ಲಿಲ್ಲ.

ಗದ್ದೆ ಹಸಿರು ನೋಡ್ಬೇಕಂದ್ರೆ ಏಪ್ರಿಲ್-ಮೇ, ಅದಾದ್ಮೇಲೆ ಕೊಯ್ಲು ಮತ್ತು ಟೈಫೂನ್ ಕಾಲ. ಮಳೆಗೆ ಗುಡ್ಡ ಕುಸಿದು ರಸ್ತೆ ಬಂದ್ ಆಗೋದುಂಟು, ಅದಕ್ಕೆ ವಾಪಸ್ ರಾತ್ರಿ ಬಸ್ಸಲ್ಲಿ ಮನಿಲಾ ಮುಟ್ಟಿದ ದಿನವೇ ಫ್ಲೈಟ್ ಇಟ್ಕೋಬೇಡಿ, ಮಧ್ಯೆ ಒಂದು ದಿನ ಖಾಲಿ ಬಿಡಿ.