ಅಡಿಲೇಡ್‌ನಿಂದ ಉಲುರುಗೆ ಕ್ಯಾರವಾನ್ ಕಟ್ಕೊಂಡು ಹೋಗೋರು ಮೊದ್ಲು ಸ್ಟೆಪ್ನಿ ನೋಡ್ಕೊಳ್ಳಿ

ಹೋದ ಜುಲೈ ಸ್ಕೂಲ್ ರಜೇಲಿ ನಮ್ಮ ಸೆಕೆಂಡ್ ಹ್ಯಾಂಡ್ ಟೊಯೋಟಾ ಪ್ರಾಡೋ ಜೀಪಿನ ಹಿಂದೆ ಕ್ಯಾರವಾನ್ (ಎಳ್ಕೊಂಡು ಹೋಗೋ ಮನೆ ಗಾಡಿ) ಕಟ್ಕೊಂಡು ಅಡಿಲೇಡ್‌ನಿಂದ ಆಸ್ಟ್ರೇಲಿಯಾ ಮಧ್ಯದಲ್ಲಿರೋ ದೊಡ್ಡ ಕೆಂಪು ಬಂಡೆ ಉಲುರುಗೆ ಹೋಗಿದ್ವಿ. ಈ ಸಲ ಹೊರಟಿರೋರು ತಿಂಡಿ ಡಬ್ಬ ಆಮೇಲೆ ತುಂಬ್ಕೊಳ್ಳಿ, ಮೊದ್ಲು ಗಾಡಿ ಕೆಳಗೆ ಬಗ್ಗಿ ಸ್ಟೆಪ್ನಿ ನೋಡಿ.

ಪೋರ್ಟ್ ಆಗಸ್ಟಾ ಬಿಟ್ರೆ ಕೂಬರ್ ಪೀಡಿ ಸುಮಾರು 540 ಕಿಮೀ, ಮಧ್ಯೆ ಹೇಳ್ಕೊಳ್ಳೋ ಅಂಥ ಊರೇ ಇಲ್ಲ. ಇನ್ನೇನು 70 ಕಿಮೀ ಇದೆ ಅನ್ನೋವಾಗ ಹಿಂದಿನ ಎಡಗಡೆ ಟೈರ್ ಹೋಯ್ತು. ಸ್ಟೆಪ್ನಿ ಗಾಡಿ ಹೊಟ್ಟೆ ಕೆಳಗೆ ಚೈನಲ್ಲಿ ನೇತಾಡ್ತಿರತ್ತೆ, ಕೆಂಪು ಧೂಳು ಕೂತು ಅದನ್ನ ಇಳಿಸೋ ರಾಡ್ ತಿರುಗ್ಲೇ ಇಲ್ಲ, ಪಕ್ಕದಲ್ಲಿ ರೋಡ್ ಟ್ರೈನ್ (ಹಲವು ಟ್ರೇಲರ್ ಎಳೆಯೋ ಉದ್ದದ ಲಾರಿ) ಹೋದಾಗೆಲ್ಲ ಗಾಡಿ ಅಲ್ಲಾಡ್ತಿತ್ತು, ಅರ್ಧ ಗಂಟೆ ಒದ್ದಾಡಿ ಇಳಿಸಿದ್ರೆ ಸೈಜೇ ಬೇರೆ! ಹಿಂದಿನ ಓನರ್ ನಾಲ್ಕು ಚಕ್ರಕ್ಕೆ 265/70ಆರ್17 ಹಾಕ್ಸಿದ್ದಾರೆ, ಸ್ಟೆಪ್ನಿ ಮಾತ್ರ ಹಳೇ 265/65ಆರ್17. ಮಧ್ಯದ ನಂಬರ್ ಟೈರಿನ ಪಕ್ಕದ ಎತ್ತರ ಹೇಳತ್ತೆ, ಅಂದ್ರೆ ಸ್ಟೆಪ್ನಿ ಒಟ್ಟು ಎತ್ತರದಲ್ಲಿ ಸುಮಾರು 26 ಮಿಮೀ ಕಮ್ಮಿ. ಸೈಡಲ್ಲಿ 3214 ಅಂತ ಅಚ್ಚು, ಅಂದ್ರೆ 2014ರ 32ನೇ ವಾರದ್ದು.

ಪ್ರಾಡೋ ಯಾವಾಗ್ಲೂ ನಾಲ್ಕೂ ಚಕ್ರಕ್ಕೆ ಪವರ್ ಕೊಡೋ ಗಾಡಿ, ಒಂದು ಚಕ್ರ ಚಿಕ್ಕದಾದ್ರೆ ಅದು ಜಾಸ್ತಿ ಸುತ್ತಬೇಕು, ಚಕ್ರಗಳು ಬೇರೆ ಬೇರೆ ಸ್ಪೀಡಲ್ಲಿ ಸುತ್ತೋಕೆ ಬಿಡೋ ಡಿಫರೆನ್ಷಿಯಲ್ ಗೇರ್ ಬಿಡುವಿಲ್ದೆ ಕೆಲಸ ಮಾಡಿ ಬಿಸಿ ಆಗತ್ತೆ. ಮುಂದಿನ ಹಿಂದಿನ ಚಕ್ರಗಳನ್ನ ಒಂದೇ ಸ್ಪೀಡಿಗೆ ಕಟ್ಟಿಹಾಕೋ ಸೆಂಟರ್ ಡಿಫ್ ಲಾಕ್ ಅಂತೂ ಮುಟ್ಲೇಬೇಡಿ. ನಾವು ನಿಧಾನಕ್ಕೆ ಹೋಗಿ ಊರು ಸೇರಿದ್ವಿ, ಅದೇ ಸೈಜ್ ಟೈರ್ ಬರೋಕೆ ಎರಡು ದಿನ ಆಯ್ತು. ಮಕ್ಕಳು ನೆಲದೊಳಗಿನ ಚರ್ಚ್ ನೋಡಿ ಖುಷಿಪಟ್ರು, ನನಗೆ ಮಾತ್ರ ತಲೆ ತುಂಬಾ ಟೈರೇ.

ಹಾಗಾಗಿ ಸ್ಟೆಪ್ನಿ ಉಳಿದ ನಾಲ್ಕರ ಸೈಜೇ ಇರ್ಲಿ, ಸಾಧ್ಯವಾದ್ರೆ ಅದೇ ಮಾಡೆಲ್ ತಗೊಳ್ಳಿ, ಟೈರ್ ರೊಟೇಟ್ (ಜಾಗ ಅದಲು ಬದಲು) ಮಾಡ್ಸೋವಾಗ ಅದನ್ನೂ ಸೇರ್ಸಿ, ಐದೂ ಒಂದೇ ಸಮ ಸವೀತವೆ. ಲೋಡ್ ನಂಬರೂ ನೋಡಿ, 112 ಅಂದ್ರೆ ಒಂದು ಟೈರ್ 1120 ಕೆಜಿ ಹೊರತ್ತೆ, 120 ಅಂದ್ರೆ 1400. ಕ್ಯಾರವಾನ್ ಮೂತಿ ಭಾರ ಎಲ್ಲಾ ಹಿಂದಿನ ಚಕ್ರದ ಮೇಲೇ ಕೂರೋದು. ಕೆಲವು ಗಾಡೀಲಿ ಬರೋ ಸಣಕಲು ಸ್ಟೆಪ್ನಿಗೆ ಸ್ಪೀಡ್ ಮಿತಿ ಗಂಟೆಗೆ 80 ಕಿಮೀ, ಅದನ್ನ ಹಾಕ್ಕೊಂಡು ಕ್ಯಾರವಾನ್ ಎಳೀಲೇಬೇಡಿ.

ಅಲಾಯ್ ರಿಮ್ ಇದ್ದು ಸ್ಟೆಪ್ನಿ ಕಬ್ಬಿಣದ್ದಾದ್ರೆ ನಟ್ ಸರಿ ಕೂರತ್ತಾ ಅಂತ ಮನೇಲೇ ಒಂದ್ಸಲ ಹಾಕಿ ನೋಡಿ, ಎರಡಕ್ಕೂ ನಟ್ ಬೇರೆ ಇರಬಹುದು. ಚಕ್ರ ಬದಲಾಯಿಸಿ 50-100 ಕಿಮೀ ಆದ್ಮೇಲೆ ಮತ್ತೆ ಟೈಟ್ ಮಾಡಿ. ಜಾಕ್ ಕೆಳಗೆ ಇಡೋಕೆ ಒಂದು ಮರದ ಹಲಗೆ ಮರೀಬೇಡಿ, ರಸ್ತೆ ಪಕ್ಕದ ಮಣ್ಣಲ್ಲಿ ನಮ್ಮ ಜಾಕ್ ಎರಡು ಸಲ ಹೂತು ಹೋಯ್ತು.