‘ಯಾವ ಅಂಗಡಿ ಅಕ್ಕಿ?’ ಎಂದು ಕೇಳುವವರಿಗೆ

ಮದುವೆಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಒಮ್ಮೆ ಸಾವಿನ ಮನೆಯಲ್ಲಿಯೂ ನನಗೆ ಎದುರಾದ ಪ್ರಶ್ನೆ ಇದು: ‘ನೀವು ಯಾವ ಅಂಗಡಿ ಅಕ್ಕಿ ಉಣ್ಣೋದು?’ ನ್ಯಾಯಬೆಲೆ ಅಂಗಡಿಯದು. ಮನೆಯ ನಾಲ್ವರೂ ಅದೇ ಅಕ್ಕಿಯ ಅನ್ನ ಉಣ್ಣುತ್ತೇವೆ. ಉಳಿದ ಮೂವರು ಕಡ್ಡಿಯಂತಿದ್ದಾರೆ. ಅಕ್ಕಿಯ ವಿಚಾರ ಇಲ್ಲಿಗೆ ಮುಗಿಯಿತು.

ತಮಾಷೆಗೆ ಕೇಳಿದೆವು ಎನ್ನುವವರು ಉತ್ತರಕ್ಕೆ ಕಾಯುವುದಿಲ್ಲ. ಬೆಳಿಗ್ಗೆ ಜೀರಿಗೆ ನೀರು ಕುಡಿಯಿರಿ ಎಂದು ಉಪದೇಶಿಸಿ, ಅದೇ ಉಸಿರಿನಲ್ಲಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಲು ಕೂಗುತ್ತಾರೆ. ಇವರನ್ನು ಸಹಿಸಬಹುದು. ಇದೇ ಪ್ರಶ್ನೆ ಬಿಳಿ ಕೋಟು ತೊಟ್ಟು ಬಂದಾಗ ಸಹಿಸುವುದು ಕಷ್ಟ.

ಎರಡು ವರ್ಷಗಳ ಹಿಂದೆ ಕಿವಿನೋವೆಂದು ಒಂದು ಆಸ್ಪತ್ರೆಗೆ ಹೋಗಿದ್ದೆ. ಬಿ.ಪಿ. ನೋಡುವ ಪಟ್ಟಿ ನನ್ನ ತೋಳಿಗೆ ಸಾಲದೆ ಎರಡು ಬಾರಿ ಬಿಚ್ಚಿಕೊಂಡಿತು. ಮೂರನೆಯ ಬಾರಿ ನರ್ಸ್ ಅದನ್ನು ಕೈಯಿಂದ ಒತ್ತಿ ಹಿಡಿದುಕೊಂಡೇ 152/94 ಎಂದು ಬರೆದುಕೊಂಡರು. ವೈದ್ಯರು ಆ ಅಂಕಿಯನ್ನೂ ನನ್ನನ್ನೂ ನೋಡಿ, ತೂಕ ಇಳಿಸಲು ಹೇಳಿ, ಮಾತ್ರೆ ಬರೆದರು. ಕಿವಿಯನ್ನು ನಾನೇ ನೆನಪಿಸಬೇಕಾಯಿತು.

ಮರುವಾರ ಬೇರೊಂದು ಕಡೆ ಹಿರಿಯ ನರ್ಸ್ ಒಬ್ಬರು ಟೇಪು ಹಿಡಿದು ತೋಳನ್ನು ಅಳೆದರು: 46 ಸೆಂ.ಮೀ. ಬೀರುವಿನಿಂದ ಅತಿ ದೊಡ್ಡ ಪಟ್ಟಿ ತೆಗೆದು ಸುತ್ತಿದಾಗ ಬಂದದ್ದು 132/86. ಪಟ್ಟಿ ಚಿಕ್ಕದಾದರೆ ರಕ್ತನಾಳವನ್ನು ಒತ್ತಲು ಹೆಚ್ಚು ಗಾಳಿ ತುಂಬಬೇಕಾಗುತ್ತದೆ, ಅಂಕಿ ಸುಳ್ಳೇ ಏರುತ್ತದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 195 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಸುತ್ತಿದಾಗ ಮೇಲಿನ ಅಂಕಿ ಸರಾಸರಿ 19.5ರಷ್ಟು ಹೆಚ್ಚು ತೋರಿಸಿತ್ತು. ನನ್ನ ಲೆಕ್ಕ ಅದಕ್ಕೆ ಹತ್ತಿರವೇ ಇದೆ.

ತೂಕಕ್ಕೂ ರಕ್ತದೊತ್ತಡಕ್ಕೂ ನಂಟಿಲ್ಲವೆಂದು ನಾನು ವಾದಿಸುತ್ತಿಲ್ಲ. ನಂಟಿರುವುದರಿಂದಲೇ ಸರಿಯಾಗಿ ಅಳೆಯಿರಿ ಎನ್ನುತ್ತಿದ್ದೇನೆ. ‘ಈ ಪಟ್ಟಿ ನಿಮಗೆ ಬಿಗಿಯಾಗುತ್ತಿದೆಯೇ?’ ಎಂದು ಯಾರಾದರೂ ಕೇಳಿದ್ದರೆ ಒಂದು ವಾರ ಮಾತ್ರೆ ನುಂಗುವುದು ತಪ್ಪುತ್ತಿತ್ತು. ಅಕ್ಕಿಯ ಅಂಗಡಿಯನ್ನು ವಿಚಾರಿಸುವ ಊರಿನಲ್ಲಿ ಪಟ್ಟಿಯ ಅಳತೆ ಯಾರಿಗೂ ಹೊಳೆಯಲಿಲ್ಲ.

ಈಗ ಚೀಲದಲ್ಲಿ ದರ್ಜಿಯ ಟೇಪು ಇಟ್ಟುಕೊಂಡೇ ಆಸ್ಪತ್ರೆಗೆ ಹೋಗುತ್ತೇನೆ. ಮೊನ್ನೆ ಪಕ್ಕದ ಬೆಂಚಿನವರು ಅದನ್ನು ಕಂಡು ಮೆಚ್ಚಿಕೊಂಡರು: ‘ಸೊಂಟ ಅಳೆದುಕೊಳ್ಳುತ್ತಿದ್ದೀರಾ? ಒಳ್ಳೆಯದು. ಎಷ್ಟು ಇಳಿಯಿತು?’